ಬೈದು ಕೊಂಡ ಕಾರು

"ಅಮ್ಮಾ, ಆ ಅಜ್ಜಿ ಕಾರಿಗೂ ಹಲ್ಲುಜ್ಜುತ್ತಾರಾ?"

ನಮ್ಮ ಚಿಲ್ಟು ಈ ಪ್ರಶ್ನೆ ಕೇಳಿದಾಗ ನಾನು ಒಂದು ಕೈಯಲ್ಲಿ ಅವಳನ್ನೂ ಇನ್ನೊಂದು ಕೈಯಲ್ಲಿ ತರಕಾರಿ ಚೀಲವನ್ನೂ ಎಳೆದುಕೊಂಡು ಹಿಂದಿನ ಬೀದಿಯಲ್ಲಿ ಬರುತ್ತಿದ್ದೆ. ತಿರುಗಿ ನೋಡಿದರೆ ನಿಜವೇ! ಬೆಳ್ಳಿಗೂದಲಿನ ಹೆಂಗಸೊಬ್ಬರು ಪುಟ್ಟ ಸ್ಟೂಲಿನ ಮೇಲೆ ಕೂತು, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಕಾರಿನ ಚಕ್ರದ ಸಂದಿಗೊಂದಿಗಳನ್ನು ತಿಕ್ಕುತ್ತಿದ್ದರು. ಮೇಲಿಂದ ಕೆಳಕ್ಕೆ, ಮತ್ತೆ ಸಣ್ಣಗೆ ವೃತ್ತಾಕಾರವಾಗಿ. ಕಾರಿನ ಗಾಜಿನ ಮೇಲೆ ಒಂದು ಚೀಟಿ: ಮಾರಾಟಕ್ಕಿದೆ. ಕೆಳಗೆ ಬೆಲೆ.

ಆಮೇಲೆ ಗೊತ್ತಾಯಿತು, ಅವರು ನಿವೃತ್ತ ಹಲ್ಲಿನ ಡಾಕ್ಟರಂತೆ. ಬೇರೆ ಊರಿನಲ್ಲಿರುವ ತಂಗಿಯ ಜೊತೆ ಇರಲು ಹೊರಟಿದ್ದಾರಂತೆ. ಅಲ್ಲಿ ಮನೆ ಬಾಗಿಲಿಗೇ ರೈಲು, ಕಾರು ಯಾಕೆ ಅಂತ ಮಾರುತ್ತಿದ್ದಾರಂತೆ.

ನನಗಂತೂ ಕಾರು ಬೇಕಾಗಿತ್ತು. ಬೇಕಾಗಿತ್ತು ಅಂದರೆ ಆಸೆಗಲ್ಲ, ಅನ್ನಕ್ಕೆ! ಮಗಳು ಹುಟ್ಟಿದ ಮೇಲೆ ಮನೆಯಲ್ಲೇ ಕೂತಿದ್ದ ನನಗೆ ಈ ಪರದೇಶದಲ್ಲಿ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಊರಾಚೆಯ ಬಿಸ್ಕತ್ ಕಾರ್ಖಾನೆಯಲ್ಲಿ ತಪಾಸಣೆಯವಳು. ಮುರಿದದ್ದು, ಸೀದದ್ದು, ಸೊಟ್ಟಗಾದದ್ದು ಕಣ್ಣಿಗೆ ಬಿದ್ದರೆ ಪಕ್ಕಕ್ಕೆ ತಳ್ಳಬೇಕು. ಆದರೆ ಅಲ್ಲಿಗೆ ಹೋಗುವ ಮೊದಲ ಬಸ್ಸು ನಿದ್ದೆಯಿಂದ ಏಳುವ ಹೊತ್ತಿಗೆ ಅರ್ಧ ಬಿಸ್ಕತ್ತು ಡಬ್ಬಿ ಸೇರಿರುತ್ತೆ. "ಕಾರಿದೆ ತಾನೇ?" ಎಂದು ಮೇಲ್ವಿಚಾರಕಿ ಕೇಳಿದ್ದಳು. "ಸೋಮವಾರದ ಹೊತ್ತಿಗೆ ಇರುತ್ತೆ" ಎಂದಿದ್ದೆ. "ಇಲ್ಲದಿದ್ದರೆ ಹೇಳಿಬಿಡಿ, ಸಾಲಿನಲ್ಲಿ ಬೇರೆಯವರಿದ್ದಾರೆ" ಎಂದು ಅವಳು ನಗುತ್ತಲೇ ಹೇಳಿದ್ದಳು. ಇಂಥ ನಗು ಎಲ್ಲ ದೇಶದಲ್ಲೂ ಒಂದೇ ಥರ ಇರುತ್ತೆ!

ಅವತ್ತು ಮನೆಗೆ ಬಂದು ಯಜಮಾನರ ಮುಂದೆ ಘೋಷಿಸಿದೆ. "ಆ ಕಾರು ನನ್ನದು. ಅದೂ ಅವರು ಹೇಳಿದ ಬೆಲೆಗಲ್ಲ, ನಾನು ಹೇಳಿದ ಬೆಲೆಗೆ!"

"ಇಲ್ಲಿ ಚೌಕಾಸಿ ಮಾಡಲ್ಲ ಕಣೇ. ಹೇಳಿದ ಬೆಲೆ ಕೊಡ್ತಾರೆ, ಇಲ್ಲಾ ಸುಮ್ಮನೆ ಹೋಗ್ತಾರೆ."

"ನಾನು ಯಾರ ಸೋದರ ಸೊಸೆ ಅಂದ್ಕೊಂಡಿದ್ದೀರಿ? ನಮ್ಮತ್ತೆ ಸೀರೆ ಅಂಗಡಿಗೆ ಕಾಲಿಟ್ಟರೆ ಅಂಗಡಿಯವನು ಮೊದಲು ನೀರು ಕುಡೀತಿದ್ದ. ಅವರು ಹೋದ ಮೇಲೂ ಕುಡೀತಿದ್ದ!"

ನಮ್ಮತ್ತೆಯ ವಿದ್ಯೆ ಬಲು ಸರಳ. ಇಷ್ಟವಾದದ್ದನ್ನು ನೋಡಿ ಮುಖ ಕಿವುಚಬೇಕು. ಇದ್ದ ದೋಷ ಎತ್ತಿ ಆಡಬೇಕು, ಇಲ್ಲದಿದ್ದರೆ ಹುಟ್ಟಿಸಬೇಕು. ಕಡೆಗೆ "ಬೇಡ ಬಿಡಿ" ಎಂದು ಚಪ್ಪಲಿ ಮೆಟ್ಟಿ ನಡೆದುಬಿಡಬೇಕು. ಮೆಟ್ಟಿಲು ಇಳಿಯುವಷ್ಟರಲ್ಲಿ "ಬನ್ನಿ ಅಮ್ಮಾ, ಯಾಕೆ ಬೇಜಾರು ಮಾಡ್ಕೋತೀರಿ" ಎಂದು ಹಿಂದಿನಿಂದ ಕೂಗು ಬರಲೇಬೇಕು. ಬಂದೇ ಬರುತ್ತಿತ್ತು! ಇದು ಸೂರ್ಯ ಹುಟ್ಟಿದಷ್ಟು ಸತ್ಯ.

ಮರುದಿನ ಸಂಜೆ ಮೂವರೂ ಹೊರಟೆವು. ದಾರಿಯಲ್ಲಿ ಸೈನ್ಯಕ್ಕೆ ಕಟ್ಟಪ್ಪಣೆ ಕೊಟ್ಟೆ: ಯಾರೂ ನಗಬಾರದು, ಯಾರೂ "ಚೆನ್ನಾಗಿದೆ" ಅನ್ನಬಾರದು.

ಕಾರು ನೋಡಿ ನನ್ನ ಎದೆ ಹೂವಾಯಿತು. ಒಳಗೆ ಒಂದು ಧೂಳಿನ ಕಣ ಇಲ್ಲ. ಸೀಟು ಮದುವೆಮನೆ ಚಾಪೆ ಹಾಗೆ ಮಡಿ ಮಡಿ. ಬಾಗಿಲು ಮುಚ್ಚಿದರೆ ತುಟಿ ಮುಚ್ಚಿದಷ್ಟೇ ಸದ್ದು. ನಾನು ಓಡಿಸಿದೆ, ಪಕ್ಕದಲ್ಲಿ ಡಾಕ್ಟರಮ್ಮ ಕೂತರು, ಹಿಂದೆ ಇವರು ಮತ್ತು ಚಿಲ್ಟು. ಎರಡು ಬೀದಿ ಸುತ್ತಿ ಬರುವಾಗ ಕಾರು ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು.

"ಅಜ್ಜೀ, ಚೆನ್ನಾಗಿದೆ ಅನ್ನಬಾರದಂತೆ!" ಎಂದಳು ಚಿಲ್ಟು, ಹಿಂದಿನಿಂದ.

ಪುಣ್ಯಕ್ಕೆ ಕನ್ನಡದಲ್ಲಿ ಅಂದಳು. "ಮಗು ಏನಂತಿದೆ?" ಎಂದು ಡಾಕ್ಟರಮ್ಮ ನಕ್ಕರು.

"ಹೊಟ್ಟೆ ತೊಳೆಸ್ತಿದೆಯಂತೆ. ಕಾರಿನಲ್ಲಿ ಏನೋ ವಾಸನೆ" ಎಂದೆ. ಸಿಕ್ಕಿತಲ್ಲ ಎಳೆ!

ಅವರ ನಗು ಮಾಯವಾಯಿತು. "ವಾಸನೆಯೇ? ಎಂಥದ್ದು? ಹುಳಿಯೋ, ಕಮಟೋ?"

ಈ ಪ್ರಶ್ನೆಗೆ ನಮ್ಮತ್ತೆಯ ಪಾಠದಲ್ಲಿ ಉತ್ತರವಿರಲಿಲ್ಲ. "ಸ್ವಲ್ಪ... ಕಮಟು. ಆಮೇಲೆ ಕೆಳಗಡೆ ಏನೋ ಕಟಕಟ ಅಂತಿದೆ."

"ಯಾವ ಕಡೆ? ಎಡಕ್ಕೋ, ಬಲಕ್ಕೋ?"

"ಎಡ."

"ಮುಂದಿನದೋ, ಹಿಂದಿನದೋ? ತಣ್ಣಗಿದ್ದಾಗ ಹೆಚ್ಚೋ, ಬಿಸಿಯಾದ ಮೇಲೋ? ಒತ್ತಿದರೆ ಬರುತ್ತಾ, ತಾನಾಗೇ ಬರುತ್ತಾ?"

ಹಿಂದಿನ ಸೀಟಿನಲ್ಲಿ ಯಜಮಾನರು ಕೆಮ್ಮಿದರು. ನಾನು ಹಿಂದೆ ಸರಿಯುವವಳೇ? "ಎಡ ಹಿಂದಿನದು. ಬಿಸಿಯಾದ ಮೇಲೆ. ತಾನಾಗೇ ಬರುತ್ತೆ. ಮತ್ತೆ ಗಾಡಿ ಸ್ವಲ್ಪ ಎಡಕ್ಕೆ ವಾಲ್ತಿದೆ, ಅಲ್ವೇನ್ರೀ?"

"ಹೂಂ" ಎಂದರು ಇವರು, ಪಾಪ, ಬಾವಿಯೊಳಗಿಂದ.

ಇಳಿದೆವು. "ಇಷ್ಟೆಲ್ಲ ಇರುವಾಗ ಕಷ್ಟ. ಬೇಡ ಬಿಡಿ" ಎಂದು ನಾನು ಗಂಭೀರವಾಗಿ ನಡೆದೆ. ನಡೆದೆ ಅಂದರೆ ಗಜಗಮನೆಯ ಹಾಗೆ ನಿಧಾನವಾಗಿ. ಕರೆಯುವವರಿಗೆ ಅವಕಾಶ ಕೊಡಬೇಡವೇ? ಬೇಲಿ ದಾಟಿದ್ದಾಯಿತು. ಅಂಚೆ ಡಬ್ಬಿ ದಾಟಿದ್ದಾಯಿತು. ಇಲ್ಲದ ಕಲ್ಲು ತೆಗೆಯುವವಳ ಹಾಗೆ ಬಗ್ಗಿ ಚಪ್ಪಲಿ ಒದರಿದೆ.

"ಕರೀತಾರೆ, ತಿರುಗಬೇಡಿ" ಎಂದೆ ಪಿಸುದನಿಯಲ್ಲಿ.

"ನಾನು ಆಗಲೇ ತಿರುಗಿಬಿಟ್ಟೆ" ಎಂದರು ಇವರು. "ಅವರು ಚೀಟಿ ಕೀಳ್ತಿದ್ದಾರೆ."

ತಿರುಗಿದೆ. ನಿಜ! ಡಾಕ್ಟರಮ್ಮ ಗಾಜಿನ ಮೇಲಿನ ಚೀಟಿ ಕಿತ್ತು ಅಂಗೈಯಲ್ಲಿ ಮುದುರುತ್ತಿದ್ದರು. ನನ್ನನ್ನು ಕಂಡು ಕೈಬೀಸಿ ಕೂಗಿದರು, "ನಿಮ್ಮಿಂದ ಬಹಳ ಉಪಕಾರವಾಯಿತು! ನನಗೆ ಗೊತ್ತೇ ಇರಲಿಲ್ಲ! ಇಂಥ ಕಾರನ್ನು ಯಾರಿಗೂ ಮಾರಬಾರದು. ಅದೂ ಮಗು ಇರುವವರಿಗೆ!"

ನಾನು ಇಂಗು ತಿಂದ ಮಂಗನಂತೆ ನಿಂತೆ.

ಮನೆಯಲ್ಲಿ ಯಜಮಾನರು ಕೋಪ ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು. ಸುಮ್ಮನೆ ಬಸ್ಸಿನ ವೇಳಾಪಟ್ಟಿ ತೆಗೆದು ನನ್ನ ಮುಂದಿಟ್ಟು, "ನಿಮ್ಮತ್ತೆ ಯಾವತ್ತಾದರೂ ಸೀರೆ ಇಲ್ಲದೆ ಮನೆಗೆ ಬಂದಿದ್ದರಾ?" ಎಂದು ಕೇಳಿದರು. ಅದೇ ರಾತ್ರಿ ನಮ್ಮ ಕೈಗೆ ಎಟುಕುವ ಇನ್ನೊಂದು ಕಾರನ್ನು ನೋಡಿ ಬಂದೆವು. ಅದರ ಒಂದು ಬಾಗಿಲನ್ನು ಒಳಗಿನಿಂದಷ್ಟೇ ತೆಗೆಯಬಹುದಿತ್ತು. ಯಾರೂ ಒಳಗಿಲ್ಲದಾಗ ಏನು ಮಾಡುವುದು ಎಂದು ಕೇಳಿದರೆ ಮಾರುವವನು ಭುಜ ಕುಣಿಸಿದ.

ಸರಿ, ಮಾಡಿದ್ದುಣ್ಣೋ ಮಹರಾಯ! ಮರುದಿನ ಹಿಂದಿನ ಬೀದಿಗೆ ಹೋಗಿ ಡಾಕ್ಟರಮ್ಮನ ಬಾಗಿಲು ತಟ್ಟಿದೆ. "ನಿನ್ನೆ ನನಗೆ ತಪ್ಪು ಕೇಳಿಸಿರಬೇಕು. ಕಟಕಟ ಇರಲಿಲ್ಲ. ವಾಸನೆಯೂ ಇರಲಿಲ್ಲ. ಕಾರು ಚಿನ್ನದಂಥದ್ದು. ನಾನೇ ತಗೋತೀನಿ."

ಅವರು ನನ್ನ ಭುಜದ ಮೇಲೆ ಕೈಯಿಟ್ಟರು. ಕಣ್ಣಿನಲ್ಲಿ ಎಂಥ ಕರುಣೆ! "ಎಲ್ಲರೂ ಹೀಗೇ ಹೇಳ್ತಾರೆ. ರಾತ್ರಿಯೆಲ್ಲ ಅಳ್ತಾರೆ, ಬೆಳಗ್ಗೆ ನನ್ನ ಕುರ್ಚಿ ನೋಡಿದ ತಕ್ಷಣ ನೋವು ಹೋಯ್ತು ಡಾಕ್ಟರೇ ಅಂತಾರೆ. ನಾನು ಯಾವತ್ತೂ ನಂಬಿಲ್ಲ. ನೋವು ಇದೆ ಅಂದವರನ್ನು ಮಾತ್ರ ನಂಬಿದ್ದೀನಿ."

"ಅಯ್ಯೋ, ನಿಜಕ್ಕೂ ಇಲ್ಲ!"

"ಹೆದರಬೇಡಿ. ಗ್ಯಾರೇಜಿಗೆ ಕಳಿಸಿದ್ದೀನಿ."

ಅಲ್ಲಿಂದ ಅವರದೇ ಫೋನು ಬಂದದ್ದು ಶುಕ್ರವಾರ ಮಧ್ಯಾಹ್ನ. "ತಕ್ಷಣ ಬನ್ನಿ. ಇವನಿಗೆ ಏನೂ ಸಿಗ್ತಿಲ್ಲವಂತೆ. ಕಟಕಟ ಕೇಳಿಸಿದ್ದು ನಿಮ್ಮ ಕಿವಿಗೆ ಮಾತ್ರ."

ಚಿಲ್ಟುವನ್ನು ಕಂಕುಳಲ್ಲಿಟ್ಟುಕೊಂಡು ಓಡಿದೆ. ಗ್ಯಾರೇಜಿನಲ್ಲಿ ನನ್ನ ಕಾರು, ಅಂದರೆ ನನ್ನದಾಗಬೇಕಿದ್ದ ಕಾರು, ನಾಲ್ಕೂ ಚಕ್ರ ಕಳಚಿಕೊಂಡು ಕಬ್ಬಿಣದ ತೋಳುಗಳ ಮೇಲೆ ಗಾಳಿಯಲ್ಲಿ ನಿಂತಿತ್ತು. ಕೆಳಗೆ ಡಾಕ್ಟರಮ್ಮ, ಕುತ್ತಿಗೆ ಎತ್ತಿ, ಕೈಯಲ್ಲಿ ಟಾರ್ಚು ಹಿಡಿದು, ಯಾರದೋ ದವಡೆ ನೋಡುವ ಹಾಗೆ ನೋಡುತ್ತಿದ್ದರು. ಗ್ಯಾರೇಜಿನವನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಈ ಗಾಡಿಗೆ ಏನೂ ಆಗಿಲ್ಲ" ಎಂದ ಅವನು. "ನನ್ನ ಸ್ವಂತ ಗಾಡಿ ಇಷ್ಟು ಚೆನ್ನಾಗಿಲ್ಲ."

"ನಿಮಗೆ ಕಾಣದಿದ್ದರೆ ಇಲ್ಲ ಅಂತ ಅಲ್ಲ" ಎಂದರು ಡಾಕ್ಟರಮ್ಮ. "ಬೇರಿನಲ್ಲಿ ಇರಬಹುದು."

"ಹಾಗಿದ್ದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಮುಂದಿನ ವಾರವಿಡೀ ಆಗುತ್ತೆ. ಬಿಚ್ಚಲಾ?"

"ಬಿಚ್ಚಿ" ಎಂದರು ಅವರು.

ಅವನು ಸ್ಪ್ಯಾನರ್ ಎತ್ತಿದ. ಆ ಸ್ಪ್ಯಾನರಿನ ತುದಿಯಲ್ಲಿ ನನ್ನ ಸೋಮವಾರ ನೇತಾಡುತ್ತಿತ್ತು. ಬಿಸ್ಕತ್ತುಗಳು, ಮೇಲ್ವಿಚಾರಕಿಯ ನಗು, ಸಾಲಿನಲ್ಲಿ ನಿಂತ ಬೇರೆಯವರು, ಎಲ್ಲ ಕಣ್ಣ ಮುಂದೆ ಬಂದವು.

"ನಿಲ್ಲಿಸಿ!" ಎಂದು ಕೂಗಿದೆ. ಚಿಲ್ಟು ಬೆಚ್ಚಿ ಬಿಕ್ಕಳಿಸತೊಡಗಿದಳು. "ಕಟಕಟ ಇಲ್ಲ. ನಾನು ಸುಳ್ಳು ಹೇಳಿದ್ದು."

"ಮತ್ತೆ ಹೆದರಿದಿರಾ?" ಎಂದರು ಡಾಕ್ಟರಮ್ಮ, ಮೆಲ್ಲಗೆ.

"ಹೆದರಿಕೆಯಲ್ಲ ಡಾಕ್ಟರೇ. ನಮ್ಮ ಕಡೆ ಒಂದು ವಸ್ತು ಕೊಳ್ಳಬೇಕಾದರೆ ಮೊದಲು ಅದನ್ನು ಬೈಯಬೇಕು."

ಗ್ಯಾರೇಜಿನವನು ಸ್ಪ್ಯಾನರ್ ಇಳಿಸಿ, ಕೇಳಲು ಅನುಕೂಲವಾಗುವ ಹಾಗೆ ಟೈರಿನ ಮೇಲೆ ಕೂತ.

"ಬೈದರೆ?" ಎಂದರು ಅವರು.

"ಮಾರುವವರು, ಅಯ್ಯೋ ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಅಂತಾರೆ. ಆಗ ನಾವು ಎದ್ದು ಹೋಗ್ತೀವಿ. ಅವರು ಕರೀತಾರೆ. ನಾವು ಬರ್ತೀವಿ. ಬೆಲೆ ಇಳಿಯುತ್ತೆ. ಆಮೇಲೆ ಎಲ್ಲರಿಗೂ ಸಂತೋಷ."

ಡಾಕ್ಟರಮ್ಮ ಟಾರ್ಚು ಆರಿಸಿದರು. "ಹಾಗಾದರೆ ವಾಸನೆ ಅಂದಿರಲ್ಲ?"

"ಇಷ್ಟವಾಯ್ತು ಅಂತ ಅರ್ಥ."

"ಎಡಕ್ಕೆ ವಾಲುತ್ತೆ ಅಂದದ್ದು?"

"ತುಂಬಾ ಇಷ್ಟವಾಯ್ತು ಅಂತ."

"ಕಟಕಟ?"

"ಇದಿಲ್ಲದೆ ಬದುಕೋಕೆ ಆಗಲ್ಲ ಅಂತ!"

ಗ್ಯಾರೇಜಿನವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಕುಲುಕುತ್ತಿತ್ತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ನೀವು ಎದ್ದು ಹೋದಾಗ ನಾನು ಕರೆಯಬೇಕಿತ್ತಾ?" ಎಂದು ಕೇಳಿದರು. ಧ್ವನಿಯಲ್ಲಿ ಸಣ್ಣ ಪಶ್ಚಾತ್ತಾಪ. "ನನಗೆ ಗೊತ್ತಿರಲಿಲ್ಲಮ್ಮಾ. ಅಷ್ಟು ನಿಧಾನಕ್ಕೆ ನಡೀತಿದ್ದಿರಿ, ಮಂಡಿನೋವು ಇರಬೇಕು ಅಂದ್ಕೊಂಡೆ."

ಸ್ಪ್ಯಾನರ್ ಗೋಡೆಗೆ ಹೋಯಿತು, ಚಕ್ರಗಳು ಕಾರಿಗೆ ಬಂದವು. ಬೆಲೆ? ಅವರು ಚೀಟಿಯಲ್ಲಿ ಬರೆದಿದ್ದದ್ದೇ ಬೆಲೆ. ಕೆಮ್ಮಿ ಕೂಡ ಚೌಕಾಸಿ ಮಾಡಲಿಲ್ಲ ನಾನು. ಇಲ್ಲದ ರೋಗ ಹುಡುಕಿದ್ದಕ್ಕೆ ಗ್ಯಾರೇಜಿನವನ ಕೂಲಿಯೂ ನನ್ನದೇ. ಅಷ್ಟು ದುಬಾರಿ ಬಾಯಿ ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ! "ಅಂತೂ ಬೆಲೆಯನ್ನ ಏರಿಸಿಯೇಬಿಟ್ಟೆಯಲ್ಲ" ಎಂದರು ಯಜಮಾನರು. ಆದರೆ ಸೋಮವಾರ ಉಳಿಯಿತು. ಇವರಿಗೆ ಗೊತ್ತಾಗದ ಹಾಗೆ ಬಚ್ಚಲಿಗೆ ಹೋಗಿ ಒಂದು ಕ್ಷಣ ಕಣ್ಣೊರೆಸಿಕೊಂಡೆ.

ಶನಿವಾರ ಬೀಗದಕೈ ಕೊಡಲು ಡಾಕ್ಟರಮ್ಮನೇ ಬಂದರು. ಮಗಳ ಸೀಟಿನ ಪಟ್ಟಿಯನ್ನು ತಾವೇ ಎಳೆದು ಬಿಗಿ ನೋಡಿದರು. "ಬಾಯಿ ತೆಗಿ" ಎಂದು ಟಾರ್ಚು ಬಿಟ್ಟು ಅವಳ ಹಾಲುಹಲ್ಲು ಎಣಿಸಿದರು. ಕಾರಿನ ಮೂತಿಯನ್ನು ಒಮ್ಮೆ ಸವರಿದರು. ಹೊರಟವರು ಬಾಗಿಲಲ್ಲೇ ನಿಂತು, ಹೇಳಲೋ ಬೇಡವೋ ಎಂದು ಅನುಮಾನಿಸಿದರು.

"ನಿಮ್ಮಿಂದ ನನಗೊಂದು ಉಪಕಾರ ಆಗಬೇಕಿತ್ತು."

ಇಂಥ ಮನುಷ್ಯರಿಗೆ ಎಂಥ ಕಾಟ ಕೊಟ್ಟೆ! ಏನು ಕೇಳಿದರೂ ಮಾಡಬೇಕು. "ಹೇಳಿ ಡಾಕ್ಟರೇ. ಸಾಮಾನು ಕಟ್ಟಬೇಕಾ? ಮನೆ ಗುಡಿಸಬೇಕಾ? ಯಾವಾಗ ಅಂದರೆ ಆವಾಗ ಬರ್ತೀನಿ."

"ನಾಳೆ ನನ್ನ ಮನೆ ಕೊಳ್ಳೋಕೆ ಜನ ನೋಡಲು ಬರ್ತಾರೆ."

"ನಾನೂ ಬರಲಾ, ಸಹಾಯಕ್ಕೆ?"

"ಅದೇ" ಎಂದು ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಾಳೆ ಒಂದು ದಿನ, ದಯವಿಟ್ಟು, ನೀವು ನಮ್ಮ ಬೀದಿ ಕಡೆ ಬರಬೇಡಿ."