ಅಳಿಯಂದಿರ ಎರೆಭೂತ

ಹೆಂಡತಿಯ ತವರೂರು ಹನ್ನೂರಿನಲ್ಲಿ ಎಸ್ಟಿ ಬಸ್ಸು ಇಳಿದು, ಅತ್ತೆಯ ಮನೆಗೆ ಹೋಗದೆ ಹಕ್ಕಿಯ ದಾರಿ ಕೇಳಿದ್ದೇ ಸಾತಲಿಂಗಪ್ಪ ಮಾಡಿದ ತಪ್ಪು.

ಸೊಲ್ಲಾಪುರದ ಅರಿವೆ ಅಂಗಡಿಯಲ್ಲಿ ವಾರವೆಲ್ಲ ಗಜ ಹಿಡಿದು ನಿಲ್ಲುವ ಅವನಿಗೆ ಒಂದೇ ಆಸೆ: ಮಳೆ ಬೀಳುವ ಮುನ್ನ ಬಯಲಿನ ಎರೆಭೂತವೆಂಬ ದೊಡ್ಡ ಹಕ್ಕಿಯನ್ನು ಕಣ್ತುಂಬ ನೋಡಬೇಕು. ಕೊರಳಲ್ಲಿ ಎರವಲು ದುರ್ಬೀನು.

ಚಹಾದಂಗಡಿಯ ಬಂಡೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅದನ್ನ ಹೊಡದ್ರ ಈಗ ಜೇಲ ಐತ್ರಿ ಅಳಿಯಂದ್ರ."

ಸುದ್ದಿ ಅವನಿಗಿಂತ ಜೋರಾಗಿ ನಡೆಯಿತು. ಊರು ದಾಟುವುದರೊಳಗೆ ಅತ್ತೆ ಗುರಮ್ಮ ಅಡ್ಡ ಬಂದಳು. ಹಿಂದೆ ಹಣೆತುಂಬ ವಿಭೂತಿ ಬಳಿದ ಮಾವ ಚನ್ನವೀರಪ್ಪ.

"ನಮ್ಮ ಮನ್ಯಾಗ ಶೇಂಗಾ ಹೋಳಿಗಿಗೆ ಬರ ಬಂದೈತೇನ್ರಿ, ಹಕ್ಕಿ ತಿನ್ನಾಕ ಹೊಂಟೀರಿ?"

"ನೋಡಾಕ ಹೊಂಟೀನಿ, ಅತ್ತಿ."

"ತಿಕೀಟ ತಗಸಿ ಬರೇ ಹಕ್ಕಿ ನೋಡಾಕ ಯಾರ ಬರತಾರ?"

"ಕುಲಗೇಡಿ," ಎಂದು ಮಾವ ಆಚೆ ಉಗುಳಿದರು.

ಬಲವಂತದ ಹೋಳಿಗೆಗಳನ್ನು ಕಲ್ಲು ನುಂಗಿದಂತೆ ನುಂಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿನಿಂದ ಓಡಿದ ಸಾತಲಿಂಗಪ್ಪ ಬಯಲಿಗೆ ಹೋಗಿ ಬೋರಲು ಬಿದ್ದ. ಕಾದ ನೆಲ ಹೊಟ್ಟೆ ಸುಟ್ಟಿತು. ದುರ್ಬೀನಿನಲ್ಲಿ ಮೊದಲು ಒಂದು ಬಿಳಿ ಕತ್ತು ಎದ್ದಿತು. ಉಸಿರು ಬಿಗಿಹಿಡಿದ.

ಢಣ್, ಢಣ್, ಢಣ್.

ಹಿಂದೆ ಗುರಮ್ಮ ಹಿತ್ತಾಳೆ ತಾಟು ಬಡಿಯುತ್ತಿದ್ದಳು. ಬಂಡೆಪ್ಪ ಕಂಬಳಿ ಬೀಸುತ್ತಿದ್ದ. ಹಕ್ಕಿ ನಾಲ್ಕು ಹೆಜ್ಜೆ ಓಡಿ, ಭಾರವಾಗಿ ಮೇಲೆದ್ದು ಹೊರಟೇಹೋಯಿತು.

ಸಾತಲಿಂಗಪ್ಪನ ಮೈಯೆಲ್ಲ ಉರಿಯಿತು. "ಹೌದು, ತಿನ್ನಾಕ ಬಂದಿದ್ದೆ. ಹುರದು, ಖಾರ ಹಚ್ಚಿ, ಎಲುಬು ಸೈತ ಬಿಡದಂಗ ತಿಂತಿದ್ದೆ. ಈಗ ಸಮಾಧಾನ ಆತಿಲ್ಲೋ?"

ಗುರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಜೆ ಎಸ್ಟಿಗೆ ಕಾಯುವಾಗ ಮಾವ ಒಬ್ಬರೇ ಬಂದರು. ಆಚೀಚೆ ನೋಡಿ, ಹತ್ತಿರ ಸರಿದರು.

"ಸಿಟ್ಟಾಗಬ್ಯಾಡ್ರಿ. ನಿಮ್ಮ ಅತ್ತಿ ಮುಂದ ಹಂಗ ಅನಬೇಕಾಗತೈತಿ. ಖಾರ ಹಚ್ಚಿ ಅಂದ್ರಂತಲ್ಲ, ಕೇಳಿ ಬಾಯಾಗ ನೀರು ಬಂತು ನೋಡ್ರಿ. ಕಾಯ್ದೆ ಬಂದ ಮ್ಯಾಲ ಬಂದೂಕ ಅಟ್ಟಕ್ಕ ಹಾಕೀನಿ. ನಿಮ್ಮಂಥ ಸಂಗಾತಿ ಸಿಕ್ಕರ ಇಳಸತೀನಿ. ಹಕ್ಕಿ ಎಲ್ಲಿ ಕುಂತಿತ್ತು?"

ಸಾತಲಿಂಗಪ್ಪ ಬಯಲಿಗೆ ಬೆನ್ನು ಮಾಡಿ ನಿಂತ. "ಇಲ್ಲಿ ಎಲ್ಲೈತ್ರಿ ಮಾವಾ? ಎಲ್ಲಾ ದುಧನಿ ಕಡಿ ಹಾರಿ ಹೋಗ್ಯಾವ. ನಾನ ಕರಕೊಂಡು ಹೋಗತೀನಿ."

ಆಮೇಲೆ ಮಳೆ ಹಿಡಿಯುವ ತನಕ ಪ್ರತಿ ರವಿವಾರ ಅವನು ಒಂದು ಗುಬ್ಬಿಯೂ ಕೂರದ ದುಧನಿಯ ಬಯಲಿನಲ್ಲಿ ಅಲೆದ. ಕೊರಳಲ್ಲಿ ದುರ್ಬೀನು, ಬೆನ್ನ ಹಿಂದೆ ಮಾವನ ಬಂದೂಕು.

ಮಾವ ಬೆವರು ಒರೆಸಿಕೊಂಡು ಸಿಡುಕುತ್ತಿದ್ದರು: "ಅಳಿಯಂದ್ರ, ನಿಮಗ ಹಕ್ಕಿ ನೋಡಾಕನ ಬರೂದಿಲ್ಲ."