ಹರಿಹರದಿಂದ ಬಂದ ಹೆಪ್ಪು

ನಮ್ಮ ಭಾವನವರು ಪಿ.ಜೆ. ಬಡಾವಣೆಯ ತಮ್ಮ ಮನೆಯಲ್ಲಿ ನಲವತ್ತು ದಿನ ಬರೀ ನೀರನ್ನು ಸಾಕಿದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಕಣ್ಣಾರೆ ಕಂಡ ನಾನೇ ನಂಬಿರಲಿಲ್ಲ! ನಡುಮನೆಯಲ್ಲಿ ಮೂರಡಿಯ ಗಾಜಿನ ತೊಟ್ಟಿ. ಅದರಲ್ಲಿ ನೀರು, ದೀಪ, ಗುಳುಗುಳು ಗುಳ್ಳೆ. ಮೀನು ಮಾತ್ರ ಇಲ್ಲ. ಆದರೂ ಭಾವ ದಿನಾ ಬೆಳಿಗ್ಗೆ ಮಿಂದು, ಮಡಿ ಪಂಚೆಯುಟ್ಟು, ಚಿಟಿಕೆ ಮೀನಿನ ಆಹಾರವನ್ನು ಆ ನೀರಿಗೆ ನೈವೇದ್ಯದಂತೆ ಅರ್ಪಿಸುತ್ತಿದ್ದರು.

ಇದಕ್ಕೊಂದು ಪೂರ್ವಚರಿತ್ರೆಯಿದೆ. ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಗಾಯ ಮಾಯ್ದು, ಡಾಕ್ಟರು “ಇನ್ನು ವಾಕರ್ ಬಿಟ್ಟು ನಡೀರಿ” ಎಂದರೂ, ಬೀಳುವ ಭಯಕ್ಕೆ ಅವಳು ಅದಿಲ್ಲದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ದಿನವಿಡೀ ಕುರ್ಚಿ. ಅವಳ ಕಣ್ಣೆದುರು ಏನಾದರೂ ಓಡಾಡುತ್ತಿರಲಿ ಎಂದು ಭಾವ ಗೋಲ್ಡ್ ಫಿಶ್ ತಂದರು. ಮೂರು ಜೊತೆ ತಂದರು. ಮೂರು ಜೊತೆಯೂ ವಾರದೊಳಗೆ ಮಲ್ಲಿಗೆ ಬಳ್ಳಿಯ ಬುಡ ಸೇರಿದವು.

“ಇನ್ನೊಂದು ಹೆಣ ಬಿದ್ರೆ ತೊಟ್ಟಿಗೆ ಅಕ್ಕಿ ಸುರೀತೀನಿ!” ಅಕ್ಕ ಕುರ್ಚಿಯಿಂದಲೇ ಆಜ್ಞೆ ಹೊರಡಿಸಿದಳು.

ಭಾವ ನಿವೃತ್ತ ತೂಕ-ಅಳತೆ ಇನ್ಸ್‌ಪೆಕ್ಟರು. ತನಿಖೆ ನಡೆಸಿ ತೀರ್ಪಿತ್ತರು: ಮೀನಿನ ಹೊಲಸು ಮೀನಿಗೇ ವಿಷ; ಆ ವಿಷವನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಸಂಸಾರ ಹೂಡುವ ತನಕ ಮೀನು ಬಿಡುವುದು ಕೊಲೆ! ಅಲ್ಲಿಯತನಕ ನೀರಲ್ಲಿ ಕೊಳೆಯುವ ಆ ಚಿಟಿಕೆ ಆಹಾರವೇ ಬ್ಯಾಕ್ಟೀರಿಯಾಕ್ಕೆ ಊಟ. ನೋಡಲು ಬಂದವರು “ಮೀನೆಲ್ಲಿ?” ಎಂದರೆ, “ಮೊದ್ಲು ಮುನಿಸಿಪಾಲ್ಟಿ, ಆಮ್ಯಾಲೆ ಮಂದಿ” ಎನ್ನುತ್ತಿದ್ದರು.

ಫಿಲ್ಟರ್ ಆರಿಸುವ ದಿನ ನಾನೂ ಜೊತೆಗಿದ್ದೆ. ಅಂಗಡಿಯವನು ಹೊಳೆಯುವ ಪುಟ್ಟ ಡಬ್ಬಿಯೊಂದನ್ನು ತೋರಿಸಿದ.

“ಇದ್ರಾಗೆ ಎಷ್ಟು ಮಂದಿ ಹಿಡೀತಾರೆ?”

“ಯಾರು ಸಾರ್?”

“ಬ್ಯಾಕ್ಟೀರಿಯಾ!”

ಕೊನೆಗೆ ಸ್ಪಂಜು, ಪಿಂಗಾಣಿ ರಿಂಗುಗಳನ್ನು ತುಂಬುವ ದೊಡ್ಡ ಡಬ್ಬಿ ಒಪ್ಪಿಗೆಯಾಯಿತು. ಭಾವ ಬಾಡಿಗೆ ಮನೆ ನೋಡುವವರಂತೆ ಒಂದೊಂದು ರಿಂಗನ್ನೂ ಬೆಳಕಿಗೆ ಹಿಡಿದರು. “ಗಾಳಿ ಆಡ್ತೈತಾ? ನೀರಿನ ಅನುಕೂಲ ಹೆಂಗೆ?” ಅಡ್ವಾನ್ಸ್ ಎಷ್ಟು ತಿಂಗಳದ್ದು ಎಂದು ಅಂಗಡಿಯವನು ಕೇಳಲಿಲ್ಲ, ಅಷ್ಟೇ.

ಇಷ್ಟಾದರೂ ಒಕ್ಕಲು ಬರಲಿಲ್ಲ. ನಲವತ್ತನೆಯ ದಿನವೂ, ಔಷಧಿಯ ಹನಿ ಹಾಕಿ ಪರೀಕ್ಷಿಸಿದ ನೀರು ವಿಷದ ಬಣ್ಣವನ್ನೇ ತೋರಿಸಿತು. ಆಗ ತಿಳಿದದ್ದು ಹರಿಹರದ ಟೇಲರ್ ಸಾಹೇಬರೊಬ್ಬರ ವಿಷಯ. ಅವರ ಅಂಗಡಿಯ ಮೀನಿನ ತೊಟ್ಟಿಗೆ ಹತ್ತು ವರ್ಷ. ಅದರ ಸ್ಪಂಜಿನ ಕೊಳೆಗೂ, ಆ ಕೊಳೆಯಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಪ್ರಾಯ. ನಾವು ಹೋದಾಗ ಸಾಹೇಬರು ಕೊರಳಿನ ಟೇಪು ತೆಗೆದು ಗಂಭೀರವಾಗಿ ಕೇಳಿದರು:

“ಎಷ್ಟಿಂಚು ಬೇಕು ಭಾಯಿ?”

“ನಾಲ್ಕು. ಸ್ವಲ್ಪ ಸಡಿಲ ಇರ್ಲಿ.”

ಸಾಹೇಬರು ಬಟ್ಟೆ ಕತ್ತರಿಯಲ್ಲೇ ನಾಲ್ಕಿಂಚು ಕತ್ತರಿಸಿಕೊಟ್ಟರು. ಬಸ್ಸಿನಲ್ಲಿ ಭಾವ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ಕಿಟಕಿಗೆ ಹಿಡಿದು ಕೂತರು. ಒಳಗಿನವರಿಗೆ ಉಸಿರಾಡಬೇಕಲ್ಲ!

“ಬುತ್ತಿ ಹಳಸೈತೇನ್ರಿ ಯಜಮಾನ್ರೇ?” ಎಂದು ಮೂಗು ಮುಚ್ಚಿಕೊಂಡ ಕಂಡಕ್ಟರ್.

“ಬುತ್ತಿಯಲ್ಲಪ್ಪ. ಇದ್ರಾಗೆ ಕೋಟ್ಯಂತರ ಮಂದಿ ಅದಾರೆ.”

“ಹಂಗಾದ್ರೆ ಅಷ್ಟೂ ಮಂದೀದು ಟಿಕೆಟ್ ತಗೋರಿ!”

ಮನೆಗೆ ಬಂದು ಆ ಕರೀ ಚೂರನ್ನು ಫಿಲ್ಟರಿಗೆ ಸೇರಿಸುವುದನ್ನು ನೋಡಿದ ಅಕ್ಕ ಹಣೆ ಚಚ್ಚಿಕೊಂಡಳು. “ಹೆಪ್ಪು ಅಂತ ಮೊದ್ಲೇ ಹೇಳಾಕೆ ಏನಾಗಿತ್ರಿ? ಬರೀ ಹಾಲಿಟ್ಕೊಂಡು ನಲವತ್ತು ದಿನ ಮೊಸರಾಗ್ಲಿ ಅಂತ ಕಾದ್ರಾ!”

ಹೆಪ್ಪು ಹತ್ತಿತು. ಪರೀಕ್ಷೆಯ ನೀರಿನ ಬಣ್ಣ ತಿಳಿಯಾಯಿತು. ಎರಡು ಮೀನು ಬಂದವು. ವಾರ ಕಳೆಯಿತು, ತಿಂಗಳು ಕಳೆಯಿತು, ಮಲ್ಲಿಗೆ ಬಳ್ಳಿಗೆ ಹೊಸ ಗೊಬ್ಬರ ಬೀಳಲಿಲ್ಲ.

ದೀಪಾವಳಿ ಮುಂದಿತ್ತು. ಒಂದು ಸಂಜೆ ನಾನೂ ಭಾವನೂ ಮಂಡಕ್ಕಿ ಕಟ್ಟಿಸಿಕೊಂಡು ಬಂದರೆ ಮೀನುಗಳೆರಡೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ! ಅಡುಗೆಮನೆಯ ಕಿಟಕಿಯಲ್ಲಿ ಫಿಲ್ಟರಿನ ಸ್ಪಂಜು ಮದುಮಗಳಂತೆ ಬೆಳ್ಳಗೆ ಹೊಳೆಯುತ್ತಿದೆ. ರಿಂಗುಗಳೆಲ್ಲ ಪಾತ್ರೆ ಸೋಪಿನಲ್ಲಿ ಮಿಂದು ಬುಟ್ಟಿಯಲ್ಲಿ ಕೂತಿವೆ.

“ಹಬ್ಬದಾಗೆ ಅಷ್ಟು ಗಲೀಜು ನೋಡಾಕಾಗ್ಲಿಲ್ಲ” ಎಂದಳು ಅಕ್ಕ. “ಮೊಸರಿನ ಗಡಿಗೀನೂ ತೊಳೀತೀವಲ್ರಿ?”

ಕೋಟ್ಯಂತರ ಮಂದಿಯ ಸಾವು! ಸೂತಕ ಎಷ್ಟು ದಿನವೋ ಎಂದು ನಾನು ಮಂಡಕ್ಕಿ ಕೆಳಗಿಟ್ಟೆ. ಭಾವ ಅಂಗಿಯ ತೋಳು ಮಡಚಿದರು. ಹಿಂದಿನ ದಿನ ಹಿಡಿದಿಟ್ಟ ನೀರು ತಂದು ತೊಟ್ಟಿಯ ಅರ್ಧ ನೀರು ಬದಲಿಸಿದರು. ಮೀನುಗಳು ಮೆಲ್ಲಗೆ ಕೆಳಗಿಳಿದವು. ಆಮೇಲೆ ಅವರು ತಿರುಗಿ ನೋಡಿದ್ದು ಸ್ಪಂಜನ್ನಲ್ಲ. ಕುರ್ಚಿಯ ಪಕ್ಕದಲ್ಲಿ, ನಾವು ಹೋಗುವಾಗ ಇದ್ದಲ್ಲೇ ನಿಂತಿದ್ದ ವಾಕರನ್ನು.

“ಕುರ್ಚಿಯಿಂದ ತೊಟ್ಟಿಗೆ, ತೊಟ್ಟಿಯಿಂದ ನಲ್ಲಿಗೆ… ಹೆಂಗೆ ಹೋದಿ?”

ಅಕ್ಕ ತನ್ನ ಕಾಲುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. “ಅಯ್ಯೋ… ಎರಡೂ ಕೈಯಾಗೆ ಸ್ಪಂಜಿತ್ತು. ನೆನಪೇ ಆಗ್ಲಿಲ್ಲ.”

ಅಳೆಯುವುದೇ ಕಸುಬಾಗಿದ್ದ ಭಾವ, ನಡುಮನೆಯಿಂದ ನಲ್ಲಿಯವರೆಗಿನ ನೆಲವನ್ನು ಸುಮ್ಮನೆ ನೋಡುತ್ತ ನಿಂತರು. ಮತ್ತೆ ಕನ್ನಡಕ ಒರೆಸಿಕೊಂಡು ಹರಿಹರಕ್ಕೆ ಫೋನು ಹಚ್ಚಿದರು. “ಸಾಹೇಬ್ರೇ, ಇನ್ನೊಂದು ನಾಲ್ಕಿಂಚು ಕತ್ತರಿಸಿ ಇಡ್ರಿ. ನಾಳೆ ಬೆಳಿಗ್ಗೇನೇ ಬರ್ತೀನಿ.”

“ನಾನೂ ಬರ್ತೀನಿ ತಡೀರಿ” ಎಂದಳು ಅಕ್ಕ, ಚಪ್ಪಲಿ ಎಲ್ಲಿದೆಯೆಂದು ಬಾಗಿಲ ಕಡೆ ನೋಡುತ್ತ. “ಡಬ್ಬಿ ನಾನು ಹಿಡ್ಕೊಂತೀನಿ.”