ಚಿಕ್ಕಮ್ಮ ಕರೆಯಲು ಬಂದರೆ

ನಮ್ಮ ಚಿಕ್ಕಮ್ಮ ಕುಂಕುಮವಿಟ್ಟು ಕರೆದ ಮೇಲೆ ತಪ್ಪಿಸಿಕೊಂಡವರು ತಿ. ನರಸೀಪುರ ತಾಲ್ಲೂಕಿನಲ್ಲೇ ಯಾರೂ ಇಲ್ಲ! ಒಬ್ಬರು ಜ್ವರವೆಂದು ಮನೆಯಲ್ಲೇ ಉಳಿದಿದ್ದರು. ಚಿಕ್ಕಮ್ಮ ಊಟದ ಕ್ಯಾರಿಯರ್ ಹಿಡಿದು ಅಲ್ಲಿಗೇ ಹೋಗಿ, ಅವರು ಉಂಡು ಮುಗಿಸುವವರೆಗೆ ಎದುರಿಗೆ ಕೂತಿದ್ದರು. ಇದನ್ನು ನಾನು ಕಣ್ಣಾರೆ ಕಂಡೆನೋ, ಕೇಳಿ ಕೇಳಿ ಕಂಡಂತೆ ಆಗಿದೆಯೋ, ಪ್ರಮಾಣ ಮಾಡಿ ಹೇಳಲಾರೆ.

ಮದುವೆಗೆ ಮನೆಮನೆಗೆ ಹೋಗಿ ಕರೆಯುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಚಿಕ್ಕಮ್ಮ ಬೋರ್‌ವೆಲ್ಲಿಗೆ ನೀರು ಬಂದರೂ, ಮನೆಗೆ ಹೊಸ ಗ್ರೈಂಡರ್ ಬಂದರೂ ಕುಂಕುಮದ ಬಟ್ಟಲು ಹಿಡಿದು ಹೊರಡುತ್ತಾರೆ. ಹೆಂಗಸರ ಹಣೆಗೆ ಕುಂಕುಮ, ಗಂಡಸರ ಕೈಗೆ ಎಲೆ ಅಡಿಕೆ. ಗಂಡ ತೀರಿಕೊಂಡವರಿಗೂ ಕುಂಕುಮ! ಯಾರಾದರೂ ಹಿಂಜರಿದರೆ, "ಅಣೆ ನಿಂದೇ ತಾನೆ? ಈ ಕಡೆ ತಿರುಗ್ಸು" ಎಂದು ಗದರುತ್ತಾರೆ.

ಇಂಥವರು ನಾಲ್ಕು ವರ್ಷ ಒಂದು ಗುಟ್ಟು ಕಾಪಾಡಿದರೆಂದರೆ ನಂಬುತ್ತೀರಾ? ಅವರ ಒಬ್ಬಳೇ ಮಗಳು ಚಂದನಾ. ಹುಟ್ಟಿದಾಗ ಗಂಡುಮಗುವೆಂದೇ ಎಲ್ಲರೂ ತೊಟ್ಟಿಲಿಗೆ ಹಾಕಿದ್ದರು. ಬೆಳೆದ ಮೇಲೆ, ತಾನು ಹೆಣ್ಣೆಂದು ಅವಳು ಮನೆಯಲ್ಲಿ ಹೇಳಿದ ದಿನ ಚಿಕ್ಕಪ್ಪ ಮಾತು ನಿಲ್ಲಿಸಿದರು. ಅವಳು ಮೈಸೂರು ಸೇರಿ ಚಿತ್ರ ಬರೆಯತೊಡಗಿದಳು. ಊರಿನಲ್ಲಿ ಯಾರಿಗೂ ಈ ಸುದ್ದಿ ತಿಳಿಯಲಿಲ್ಲ. ಅವಳನ್ನು ನೋಡಲು ಹೊರಟಾಗಲೆಲ್ಲ ಚಿಕ್ಕಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು ಹಲ್ಲುನೋವು ಎಂದು.

ಒಂದು ದಿನ ಚಿಕ್ಕಪ್ಪ ಪೇಪರಿನಿಂದ ತಲೆಯೆತ್ತದೆ ಕೇಳಿದರು: "ಅಲ್ಲ ಕಣೇ, ಬಾಯಲ್ಲಿರದು ಮೂವತ್ತೆರಡೇ ಹಲ್ಲು. ಡಾಕ್ಟ್ರು ಈಗ ಯಾವ್ದ್ ನೋಡ್ತಾವ್ರೆ?"

"ಬುದ್ಧಿ ಹಲ್ಲು. ನಿಮ್ಗೆ ಬಂದಿಲ್ಲ, ಗೊತ್ತಾಗಾಕಿಲ್ಲ" ಎಂದು ಚಿಕ್ಕಮ್ಮ ಬಸ್ಸು ಹತ್ತಲು ಹೋದರು.

ಹೋದ ವರ್ಷ ಚಂದನಾ ಮತ್ತು ಅವಳ ಜೊತೆಯವರು ನಂಜನಗೂಡಿನ ಒಂದು ಕಲ್ಯಾಣ ಮಂಟಪದ ಮಹಡಿ ಹಿಡಿದು ಚಿತ್ರಪ್ರದರ್ಶನ ಇಟ್ಟರು. ಹೆಚ್ಚಿನವರು ಅವಳಂತೆಯೇ ಟ್ರಾನ್ಸ್‌ಜೆಂಡರ್ ಹೆಣ್ಣುಮಕ್ಕಳು. ತನ್ನ ಪ್ರೀತಿಯ ಗೆಳೆಯನ ಚಿತ್ರವನ್ನೇ ಮತ್ತೆ ಮತ್ತೆ ಬರೆಯುವ ತಾಂಡವಪುರದ ಯುವಕನೂ ಒಬ್ಬನಿದ್ದ. ಚಂದನಾ ಆಮಂತ್ರಣವನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಚಿಕ್ಕಮ್ಮ ಸಿಟ್ಟಾಗಿ ನನ್ನ ಕಡೆ ತಿರುಗಿದರು. "ಪೋನಲ್ಲಿ ಕರುದ್ರೆ ಯಾರ್ಲಾ ಬತ್ತಾರೆ? ತೆಗಿ ನಿನ್ ಸ್ಕೂಟ್ರು!"

ಸೋಸಲೆಯ ಮೊದಲ ಮನೆಯಲ್ಲೇ ಒಬ್ಬ ಅಜ್ಜಿ ತಡೆದರು.

"ಯಾರ್ದವ್ವ ಮದ್ವೆ?"

"ಮದ್ವೆ ಅಲ್ಲ ಕಣತ್ತೆ. ನನ್ ಮಗಳು ಚಿತ್ರ ಬರ್ದವ್ಳೆ."

"ನಿಂಗೆ ಒಬ್ನೇ ಮಗ ಅಲ್ವಾ?"

"ಊಂ. ಅವ್ಳೇ ಈಗ ಮಗಳು. ಊಟ ಅದೆ, ಬನ್ನಿ."

ನಾಲ್ಕು ವರ್ಷದ ಗುಟ್ಟು ಊಟದ ಜೊತೆ ಒಂದೇ ಉಸಿರಿನಲ್ಲಿ ಹೊರಬಿತ್ತು! ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಹಣೆಗೆ ಕುಂಕುಮ ಬಿದ್ದಾಗಿತ್ತು. ಎಲ್ಲ ಮನೆಗಳೂ ಹೀಗಿರಲಿಲ್ಲ. ಒಂದು ಕಡೆ ನಮ್ಮನ್ನು ಕಂಡೇ ಬಾಗಿಲು ಹಾಕಿದರು. ಚಿಕ್ಕಮ್ಮ ಆ ಬಾಗಿಲಿಗೇ ಕುಂಕುಮ ಹಚ್ಚಿ, "ಬಾಗ್ಲಿಗೇ ಯೋಳಿವ್ನಿ, ನಿಮ್ಗೆ ಅದೇ ಯೋಳ್ತದೆ!" ಎಂದು ಕೂಗಿ ಸ್ಕೂಟರ್ ಹತ್ತಿದರು. ಮುಂದಿನ ಮನೆಯವರೆಗೂ ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದರು. ರಸ್ತೆ ಹಾಗಿತ್ತೋ ಏನೋ.

ಕೊನೆಗೆ ಉಳಿದದ್ದು ಅವರದೇ ಮನೆ. ಊರೆಲ್ಲ ಬಂದು ಚಿಕ್ಕಪ್ಪ ಬರದಿದ್ದರೆ ಚಂದನಾಳ ಕಣ್ಣು ಬಾಗಿಲಲ್ಲೇ ಇರುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು. ಚಿಕ್ಕಪ್ಪನೋ, ಕ್ರಮವಾಗಿ ಕರೆಯಲಿಲ್ಲವೆಂದು ಸ್ವಂತ ತಮ್ಮನ ಗೃಹಪ್ರವೇಶಕ್ಕೇ ಹೋಗದ ಆಸಾಮಿ!

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, ಚಪ್ಪಲಿ ಕಳಚಿಟ್ಟು, ತಮ್ಮ ಮನೆಯ ಬಾಗಿಲನ್ನು ತಾವೇ ತಟ್ಟಿದರು.

"ಮನೇಲ್ ಯಾರವ್ರೆ?"

ಚಿಕ್ಕಪ್ಪ ಹೊರಬಂದರು. "ಇದ್ಯಾಕೇ, ಏನಾಯ್ತೇ ನಿಂಗೆ?"

"ನಾವು ಹೆಣ್ಣಿನ ಕಡೆಯೋರು" ಎಂದು ಚಿಕ್ಕಮ್ಮ ಎಲೆ ಅಡಿಕೆ ಮುಂದೆ ಹಿಡಿದರು. "ನಾಳೀಕೆ ನಂಜನಗೂಡಲ್ಲಿ ನಮ್ ಉಡ್ಗಿ ಚಿತ್ರ ಇಟ್ಟವ್ಳೆ. ಯಜಮಾನ್ರು ಬಂದು ನಡೆಸ್ಕೊಡ್ಬೇಕು."

ಚಿಕ್ಕಪ್ಪ ಎಲೆ ಅಡಿಕೆ ತೆಗೆದುಕೊಂಡರು. ಕರೆಯಲು ಬಂದವರಿಗೆ ಬೇಡವೆನ್ನುವುದು ಅವರಿಗೆ ಗೊತ್ತಿಲ್ಲ. "ನೋಡಾನ" ಎಂದರು. ನಮ್ಮ ಕಡೆ 'ನೋಡಾನ' ಎಂದರೆ ಬರುವುದಿಲ್ಲ ಎಂದೇ ಅರ್ಥ.

ಮರುದಿನ ಜನ ಬಂದರು ನೋಡಿ! ರೇಷ್ಮೆ ಸೀರೆ, ಮಲ್ಲಿಗೆ, ಕಾಗದ ಸುತ್ತಿದ ಗೋಡೆ ಗಡಿಯಾರ. ಕೆಲವರು ಧಾರೆ ಎಷ್ಟು ಹೊತ್ತಿಗೆ ಎಂದೂ ಕೇಳಿದರು. ಚಿಕ್ಕಮ್ಮ ಊಟವನ್ನು ಮಹಡಿಯ ಆಚೆ ತುದಿಯಲ್ಲಿ ಹಾಕಿಸಿದ್ದರು. ಚಿತ್ರಗಳನ್ನು ದಾಟದೆ ಪಾಯಸ ಮುಟ್ಟಲು ದಾರಿಯೇ ಇರಲಿಲ್ಲ. ಒಂದು ಚಿತ್ರದ ಮುಂದೆ ಒಬ್ಬರು, "ಇದು ಗಂಡೋ ಎಣ್ಣೋ?" ಎಂದು ಪಿಸುಗುಟ್ಟಿದರು.

"ನೀವ್ ಬಂದಿರದು ಚಿತ್ರ ನೋಡಕ್ಕೋ, ಜನಗಣತಿ ಮಾಡಕ್ಕೋ?" ಎಂದರು ಚಿಕ್ಕಮ್ಮ.

ತಾಂಡವಪುರದ ಯುವಕನ ಚಿತ್ರದಲ್ಲಿ ಇಬ್ಬರು ಗಂಡಸರು ಒಂದೇ ಮಂಚದಲ್ಲಿ ಕೈ ಹಿಡಿದು ಮಲಗಿದ್ದರು. ಸೋಸಲೆಯ ಅಜ್ಜಿ ಅದನ್ನು ಹತ್ತಿರದಿಂದ, ದೂರದಿಂದ, ಮತ್ತೆ ಹತ್ತಿರದಿಂದ ನೋಡಿದರು. ಯುವಕ ಪಕ್ಕದಲ್ಲೇ ನಿಂತು ಅಜ್ಜಿಯ ಮುಖವನ್ನೇ ನೋಡುತ್ತಿದ್ದ.

"ಮಂಚ ಸಣ್ಣದಾಯ್ತು ಕಣಪ್ಪ" ಎಂದರು ಅಜ್ಜಿ. "ಬಿದ್ಗಿದ್ದಾರು. ವಸಿ ಅಗಲ ಮಾಡು."

ಕೊನೆಯ ಪಂಕ್ತಿಯೂ ಎದ್ದಿತು. ಚಂದನಾ ಇನ್ನೂ ಉಂಡಿರಲಿಲ್ಲ. ನಾವು ಎಲೆ ಮಡಿಸುತ್ತಿದ್ದಾಗ ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು. ಒಗೆದ ಬಿಳಿ ಪಂಚೆಯಲ್ಲಿ ಚಿಕ್ಕಪ್ಪ! ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಚಿತ್ರದ ಮುಂದೆ ನಿಂತರು. ಪೂರ್ತಿ ಮಹಡಿ ಸುತ್ತಿದರು. ಚಂದನಾ ಗೋಡೆಗೆ ಒರಗಿದ್ದಳು. ಅವಳ ಮುಂದೆ ಬಂದಾಗ ಅವರು ನೆಲ ನೋಡುತ್ತಾ ಕೇಳಿದರು:

"ಉಂಡ್ಯೇನವ್ವಾ?"

ನಮ್ಮ ಕಡೆ ಅಪ್ಪಂದಿರು ಹೆಣ್ಣುಮಕ್ಕಳನ್ನು ಕರೆಯುವುದು 'ಅವ್ವಾ' ಎಂದೇ. ಚಂದನಾ ಇಲ್ಲವೆಂದು ತಲೆಯಾಡಿಸಿದಳು.

ನಾನು ಎರಡು ಎಲೆ ಹಾಕಿದೆ. ಬಡಿಸಲು ಚಿಕ್ಕಮ್ಮನನ್ನು ಹುಡುಕಿದರೆ, ಯಾವ ಸಮಾರಂಭದಲ್ಲೂ ಎಲ್ಲರಿಗಿಂತ ಕೊನೆಗೆ, ನಿಂತುಕೊಂಡೇ ಉಣ್ಣುವ ಆ ಹೆಂಗಸು ಸೀದಾ ಬಂದು ಮಗಳ ಪಕ್ಕ ಕೂತುಬಿಟ್ಟರು.

"ನಂಗೂ ಒಂದ್ ಎಲೆ ಹಾಕೋ" ಎಂದರು. "ಕಾಲು ನೋಯ್ತದೆ."

ಬಡಿಸಿದವನು ನಾನು. ಮೊದಲು ಯಾರ ಎಲೆಗೆ ಏನು ಬಡಿಸಿದೆನೋ, ಅವರು ಏನು ಮಾತಾಡಿಕೊಂಡರೋ ಈಗ ನೆನಪಿಲ್ಲ. ಇದೆ ಎಂದರೆ ಕಟ್ಟಿ ಹೇಳಿದಂತಾದೀತು. ಒಂದು ಮಾತ್ರ ಖಂಡಿತ ಕಂಡೆ. ಚಿಕ್ಕಪ್ಪ ತಮ್ಮ ಎಲೆಯ ಹಪ್ಪಳ ತೆಗೆದು, ಪಕ್ಕಕ್ಕೆ ತಿರುಗಿ ನೋಡದೆಯೇ, ಮಗಳ ಎಲೆಯ ಅಂಚಿಗಿಟ್ಟರು.